ಗಿರಿಯಪ್ಪ ಮೇಷ್ಟ್ರ ಹಾಗಲಕಾಯಿ

ಅಜ್ಜಂಪುರದ ಡ್ರಾಯಿಂಗ್ ಮೇಷ್ಟ್ರು ಗಿರಿಯಪ್ಪನವರು ಸಂತೆಯಲ್ಲಿ ಹುಳುಕು ಬದನೆ, ಸೊಟ್ಟ ಹಾಗಲಕಾಯಿಗಳನ್ನೇ ಹುಡುಕಿ ಆರಿಸುತ್ತಾರೆ. "ನಮ್ಮನೇಲಿ ಕಾಯಿ ಮೊದ್ಲು ಇಸ್ಕೂಲಿಗೆ ಹೋಗಿ, ಬಾಡಿದ್ಮೇಲೆ ಸಾರಿಗೆ ಬತ್ತದೆ ಕಣ್ರೀ," ಎನ್ನುತ್ತಾರೆ ಹೆಂಡತಿ ದ್ಯಾವಮ್ಮ. ಮಕ್ಕಳು ಹಾಗಲಕಾಯಿಯನ್ನು ನುಣ್ಣಗೆ ಬರೆದರೆ ಮೇಷ್ಟ್ರಿಗೆ ಮೈಯೆಲ್ಲ ಉರಿ. "ಗಂಟೆಲ್ಲ ಎಲ್ಲೋಯ್ತೋ? ಇಸ್ತ್ರಿ ಮಾಡಿದ್ಯಾ? ಕಂಡಿದ್ದನ್ನ ಬರೀರೋ." ಆದರೆ "ನೀವೇ ಬೋರ್ಡ್ ಮೇಲೆ ಬರ್ದು ತೋರ್ಸಿ ಸಾ" ಎಂದರೆ, "ನನ್ನನ್ಯಾಕೆ ನೋಡ್ತೀರಿ, ಕಾಯಿ ನೋಡಿ" ಎಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ಮೊನ್ನೆ ಮೂರನೇ ಕ್ಲಾಸಿನ ಶ್ರುತಿ, ಹಾಗಲಕಾಯಿಯ ಜೊತೆಗೆ ಅದನ್ನು ಮೇಜಿನ ಮೇಲಿಟ್ಟ ಮೇಷ್ಟ್ರ ಕೈಯನ್ನೂ ಬರೆದಿದ್ದಳು. ಒಂದೊಂದು ಬೆರಳಿಗೂ ಮೂರು ಮೂರು ಗೆರೆ. "ಇದೇನವ್ವಾ?" ಎಂದರು. "ನಿಮ್ ಕೈ ನಡುಗ್ತದಲ್ಲ ಸಾ, ಕಂಡಿದ್ದೇ ಬರ್ದೆ." ಮೇಷ್ಟ್ರು ಹತ್ತಕ್ಕೆ ಹತ್ತು ಹಾಕಿದರು, ಆ ಹತ್ತು ಮಾತ್ರ ಹಾಗಲಕಾಯಿಯಷ್ಟೇ ಸೊಟ್ಟಗಿತ್ತು.