ಬಾಗಿಲಲ್ಲಿ ನಿಲ್ಲಬೇಡಿ, ಮುಂದೆ ಖಾಲಿ ಇದೆ

ನನ್ನ ಮೈದುನನನ್ನು ಬೀದಿಯವರೆಲ್ಲ ರೇಡಿಯೋ ಎಂದೇ ಕರೆಯುತ್ತಾರೆ. ರೇಡಿಯೋಗಾದರೂ ಕಿವಿ ಹಿಂಡಿ ಬಾಯಿ ಮುಚ್ಚಿಸುವ ಗುಂಡಿ ಇರುತ್ತದೆ, ಇವನಿಗೆ ಅದೂ ಇಲ್ಲ. ನಾನು ಮದುವೆಯಾಗಿ ಈ ಮನೆಗೆ ಬಂದ ದಿನ ಬಾಗಿಲು ತೆರೆದವನು ಅವನೇ. ನಾನು ಚಪ್ಪಲಿ ಬಿಡುವಷ್ಟರಲ್ಲಿ ನಲ್ಲಿಯಲ್ಲಿ ನೀರು ಯಾವಾಗ ನಿಲ್ಲುತ್ತದೆ, ಮಾವನವರಿಗೆ ಯಾವ ಕಿವಿ ಮಂದ, ನನ್ನ ಗಂಡ ಹೇಗೆ ಗೊರಕೆ ಹೊಡೆಯುತ್ತಾರೆ ಎಂಬುದನ್ನೆಲ್ಲ ಒದರಿ ಮುಗಿಸಿದ್ದ. ನನ್ನ ಗಂಡನದು ಮಾತು ಕಡಿಮೆ. ಅಣ್ಣನ ಪಾಲಿನದನ್ನೂ ತಮ್ಮನೇ ಆಡುತ್ತಾನೆ ಎಂದು ಸಮಾಧಾನ ಮಾಡಿಕೊಂಡೆ.

ನಾನು ಬಸ್ ಕಂಡಕ್ಟರ್. ದಿನವಿಡೀ ಜನರ ಹತ್ತಿರ ಗಂಟಲು ಹರಿದುಕೊಂಡು ಮನೆಗೆ ಬಂದರೆ ಇಲ್ಲಿ ಇವನ ಗಲಾಟೆ. "ಬಾಯಿ ಮುಚ್ಚೋ ಮಾರಾಯ, ನಿನಗೆ ಪುಣ್ಯ ಬರುತ್ತೆ" ಎಂದು ನಾನು ಹೇಳದ ದಿನವಿಲ್ಲ. ಅವನು ತರಕಾರಿ ಚೀಲವನ್ನು ಹೆಗಲಿಗೆ ನೇತುಹಾಕಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ಸೊಂಟ ತಿರುಗಿಸಿ ನಿಂತು, ನನ್ನದೇ ದನಿಯಲ್ಲಿ ಟಿಕೆಟ್ ಹರಿಯುವ ಆಟ ಆಡುತ್ತಿದ್ದ. ಮಾವನವರು ಕೆಮ್ಮು ಬರುವ ತನಕ ನಗುತ್ತಿದ್ದರು. ನಾನು ಸೌಟು ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದೆ.

ಅವನಿಗೆ ಜಾಕಿಯಾಗುವ ಆಸೆಯಿತ್ತು. ಆದರೆ ಜಾಕಿ ಕುಳ್ಳಗೆ, ಹಗುರಾಗಿರಬೇಕು; ಇವನಿಗೆ ಮಾತಿನ ಜೊತೆ ಕಾಲೂ ಬೆಳೆದವು. ಹದಿನಾರಕ್ಕೇ ಮನೆಯ ಬಾಗಿಲು ತಲೆಗೆ ತಾಗುತ್ತಿತ್ತು. ಸವಾರಿ ತಪ್ಪಿದರೇನು, ಕುದುರೆ ತಪ್ಪಬಾರದು ಎಂದು ರೇಸ್ ಕುದುರೆಗಳ ಲಾಯಕ್ಕೆ ಸೇರಿದ. ಲದ್ದಿ ಬಾಚುವುದು, ಮೈ ತಿಕ್ಕುವುದು, ಓಡಿ ಬಂದ ಕುದುರೆಯನ್ನು ಬೆವರು ಆರುವ ತನಕ ನಡೆಸುವುದು ಅವನ ಕೆಲಸ. ಕೆಲಸವನ್ನು ಕೈ ಮಾಡುತ್ತಿತ್ತು, ಬಾಯಿ ತನ್ನ ಪಾಡಿಗೆ ತಾನು ಓಡುತ್ತಿತ್ತು. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಅನ್ನುತ್ತಾರಲ್ಲ, ಇವನು ಕುದುರೆಗಳ ಜೊತೆಗೇ ಬದುಕಿಬಿಟ್ಟ.

ಆಗ ಬಂದಳು ಬಜಾರಿ. ಪಂದ್ಯದ ಹಲಗೆಯಲ್ಲಿ ಅವಳಿಗೆ ಬೇರೆಯೇ ದೊಡ್ಡ ಹೆಸರು. ಲಾಯದಲ್ಲಿ ಮಾತ್ರ, ಹತ್ತಿರ ಬಂದವರಿಗೆಲ್ಲ ಕಾಲೆತ್ತುತ್ತಿದ್ದುದರಿಂದ, ಬಜಾರಿ. ಕಂದು ಮೈ, ಗಿಡ್ಡ ಕುತ್ತಿಗೆ, ಹಿಂಗಾಲು ಮಾತ್ರ ಬೇರೆ ಯಾವುದೋ ಕುದುರೆಯದನ್ನು ತಂದು ಜೋಡಿಸಿದ ಹಾಗೆ. ಆ ಹೆಸರು ಇಟ್ಟವನು ನನ್ನ ಮೈದುನ. ಅದನ್ನು ಅವನು ಮೊದಲು ಯಾರಿಗೆ ಇಟ್ಟಿದ್ದ ಎಂಬುದು ನನಗೆ ಆಮೇಲೆ ತಿಳಿಯಿತು.

ಬಜಾರಿಯದು ದೂರದ ಓಟವಲ್ಲ. ಬರೀ ಸಾವಿರದಿನ್ನೂರು ಮೀಟರ್. ನೀವು ಒಂದು ಲೋಟ ನೀರು ಕುಡಿದು ಲೋಟ ತೊಳೆದಿಡುವಷ್ಟರಲ್ಲಿ ಮುಗಿದುಹೋಗಿರುತ್ತದೆ. ಗೇಟಿನಿಂದ ಹೊರಡುವಾಗ ಒಂದು ಹೆಜ್ಜೆ ತಡವಾದರೂ ಆಮೇಲೆ ಸರಿಮಾಡಿಕೊಳ್ಳಲು ದಾರಿಯೇ ಇಲ್ಲ. ಬಜಾರಿಗೆ ಆ ಗೇಟೆಂದರೆ ಜೀವಭಯ. ಕುದುರೆಯ ಮೈಗಿಂತ ಚೂರೇ ಅಗಲವಾದ ಕಬ್ಬಿಣದ ಗೂಡು; ಒಳಗೆ ಹೋದ ಕೂಡಲೇ ಹಿಂದಿನ ಬಾಗಿಲು ಹಾಕುತ್ತಾರೆ. ಮೊದಲ ಪಂದ್ಯದಲ್ಲಿ ಅಲ್ಲೇ ಕುಣಿದು ಎಲ್ಲರಿಗಿಂತ ಕೊನೆಯವಳಾಗಿ ಬಂದಳು. ಆಮೇಲೆ ಸ್ಟಾರ್ಟರ್ ಹತ್ತಿರ, ಅಂದರೆ ಗೇಟಿನ ಅಧಿಕಾರಿಯ ಹತ್ತಿರ, ಅನುಮತಿ ಕೇಳಿ ನನ್ನ ಮೈದುನನೇ ಅವಳನ್ನು ಗೇಟಿಗೆ ನಡೆಸತೊಡಗಿದ. ಅವಳ ಕಿವಿಯ ಹತ್ತಿರ ಏನೋ ಹೇಳುತ್ತಿದ್ದನಂತೆ, ಅವಳು ಸುಮ್ಮನೆ ಒಳಗೆ ಹೋಗುತ್ತಿದ್ದಳಂತೆ.

ಅಲ್ಲಿಂದ ಮುಂದೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಎರಡು ವರ್ಷ, ಒಂದರ ಮೇಲೊಂದು ಗೆಲುವು. ಒಣ ನೆಲದಲ್ಲಿ ಗೆದ್ದಳು, ಮಳೆ ಬಿದ್ದು ಕೆಸರಾದ ನೆಲದಲ್ಲಿ ಗೆದ್ದಳು, ಒಮ್ಮೆ ಲಾಳ ಕಿತ್ತುಹೋಗಿ ಮೂರೇ ಲಾಳದಲ್ಲಿ ಗೆದ್ದಳು. ಆ ಮೈದಾನದ ಹಳೆಯ ದಾಖಲೆಯನ್ನು ಮುರಿದ ದಿನ ನನ್ನ ಮೈದುನ ಊಟದ ಕುರ್ಚಿಯನ್ನು ತಿರುಗಿಸಿ ಹಾಕಿ, ಅದರ ಮೇಲೆ ಸವಾರಿ ಕೂತು, ಇಡೀ ಓಟವನ್ನು ನಮಗೆ ಮತ್ತೊಮ್ಮೆ ಓಡಿ ತೋರಿಸಿದ. ಕುರ್ಚಿಯ ಕಾಲು ಮುರಿಯಿತು. ನಾನು ಬೈದೆ, ಆದರೆ ನನಗೂ ಹೆಮ್ಮೆಯಾಗಿತ್ತು.

ಮೂರನೆಯ ವರ್ಷ ಅವನ ದನಿ ಒಡೆಯಿತು. ಮೊದಲು ಶೀತ ಅಂದೆವು. ಡಾಕ್ಟರು ನೋಡಿ ಧ್ವನಿಪೆಟ್ಟಿಗೆಯ ಮೇಲೆ ಗಂಟು ಬೆಳೆದಿದೆ ಎಂದು ತೆಗೆದುಹಾಕಿದರು. ಕೆಟ್ಟ ಗಂಟಲ್ಲ, ಸದ್ಯ. ಕೆಲವು ವಾರ ಪಿಟ್ಟೆನ್ನಬಾರದು ಎಂದರು. ವಾರಗಳು ಮುಗಿದು ಅವನು ಬಾಯಿ ತೆರೆದರೆ ಬರೀ ಗಾಳಿ ಬಂತು. "ಬಂದರೂ ಬರಬಹುದು, ಬರದೆಯೂ ಇರಬಹುದು" ಎಂದುಬಿಟ್ಟರು ಡಾಕ್ಟರು. ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸತೊಡಗಿತು. ಅದು ಸದ್ದು ಮಾಡುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ.

ಅತ್ತ ಬಜಾರಿ ಗೇಟಿಗೆ ಹೋಗುವುದನ್ನೇ ಬಿಟ್ಟಳು. ಇವನು ಮೈ ಸವರಿದ, ಮುಂದೆ ನಿಂತು ಎಳೆದ, ಹಿಂದಿನಿಂದ ನಾಲ್ಕು ಆಳು ತಳ್ಳಿದರು. ಒಂದು ಪಂದ್ಯ ಅವಳಿಲ್ಲದೆಯೇ ಓಡಿತು. ಇನ್ನೊಂದೂ ಹಾಗೆಯೇ ಆಯಿತು. ಮೂರನೆಯ ಸಲವೂ ಒಲ್ಲೆ ಎಂದರೆ ಅವಳನ್ನು ಪಂದ್ಯದಿಂದಲೇ ತೆಗೆದುಹಾಕುತ್ತೇವೆ ಎಂದು ಸ್ಟಾರ್ಟರ್ ಹೇಳಿದ. ಆ ಮೂರನೆಯದು ವರ್ಷದ ಅತಿ ದೊಡ್ಡ ಪಂದ್ಯ. ನನ್ನ ಮೈದುನ ಊಟ ಬಿಟ್ಟ. ತನ್ನ ದನಿ ಹೋದದ್ದಕ್ಕೆ ಅಳದವನು ಅವಳಿಗಾಗಿ ಗೋಡೆಗೆ ಮುಖ ಮಾಡಿ ಮಲಗಿದ.

ಲಾಯದ ಟ್ರೇನರ್ ನಮ್ಮ ಮನೆಗೇ ಬಂದರು.

"ನೀನು ಅವಳ ಕಿವೀಲಿ ಏನು ಹೇಳ್ತಿದ್ದೆ? ಅದನ್ನ ಹೇಳಿಕೊಟ್ರೆ ಇನ್ಯಾರಾದ್ರೂ ಹೇಳ್ತಾರೆ" ಎಂದು ಅವನನ್ನು ಕೇಳಿದರು.

ಅವನು ನನ್ನ ಕಡೆ ನೋಡಿ ತಲೆ ತಗ್ಗಿಸಿದ. ಕಿವಿಯೆಲ್ಲ ಕೆಂಪಾಗಿತ್ತು.

"ಏನೋ ಅದು? ದೇವರಂಥ ಮನುಷ್ಯ ಮನೆ ಬಾಗಿಲಿಗೆ ಬಂದು ಕೇಳ್ತಿದ್ದಾರೆ" ಎಂದೆ.

ಅವನು ಮೆಲ್ಲಗೆ ಎದ್ದ. ಗೂಟದಲ್ಲಿದ್ದ ತರಕಾರಿ ಚೀಲವನ್ನು ಹೆಗಲಿಗೆ ಹಾಕಿಕೊಂಡ. ಸೊಂಟ ತಿರುಗಿಸಿ ಬಾಗಿಲಲ್ಲಿ ನಿಂತು, ಒಂದು ಕೈಯಿಂದ ಚೀಲ ತಟ್ಟುತ್ತ, ಇನ್ನೊಂದು ಕೈ ಬೀಸುತ್ತ, ಸದ್ದಿಲ್ಲದೆ ಬಾಯಿ ಆಡಿಸಿದ. ಆ ತುಟಿಗಳನ್ನು ಓದಲು ನನಗೆ ಯಾರ ಸಹಾಯವೂ ಬೇಕಿರಲಿಲ್ಲ. ಇಪ್ಪತ್ತು ವರ್ಷದಿಂದ ನನ್ನ ಬಾಯಲ್ಲಿ ಸವೆದ ಮಾತು ಅದು.

"ಅಂದ್ರೆ ನೀನು ನನ್ನನ್ನ ಕುದುರೆ ಮುಂದೆ ಅಣಕಿಸ್ತಿದ್ಯಾ? ಇಷ್ಟು ದಿನ?"

ಅವನು ಹೌದೆಂದು ತಲೆಯಾಡಿಸಿದ. ನನ್ನ ಗಂಡ, ಯಾವತ್ತೂ ಬಾಯಿ ಬಿಡದವರು, "ಬಜಾರಿ ಅಂತ ಮೊದಲು ನಿನಗೇ ಇಟ್ಟಿದ್ದ" ಎಂದು ಆಗಲೇ ಹೇಳಬೇಕೇ. ಟ್ರೇನರ್ ಮಾತ್ರ ನಗಲಿಲ್ಲ. "ಅಮ್ಮ, ನಿಮಗೆ ರಜೆ ಸಿಗುತ್ತಾ?" ಎಂದು ಕೇಳಿದರು.

ಸಿಕ್ಕಿತು. ಲಾಯದಲ್ಲಿ ಅಭ್ಯಾಸಕ್ಕೆಂದು ಒಂದು ಹಳೆಯ ಗೇಟಿದೆ. ಮೊದಲ ದಿನ ಅಲ್ಲಿ ನಿಂತು ನಾನು ಕೂಗಿದಾಗ ಬಜಾರಿ ಕಿವಿ ನಿಮಿರಿಸಿ ನನ್ನನ್ನೇ ನೋಡಿದಳು, ಅಸಲಿ ಯಾವುದು ನಕಲಿ ಯಾವುದು ಎಂದು ಲೆಕ್ಕ ಹಾಕುವವಳಂತೆ. ಆಮೇಲೆ ಸರಸರನೆ ಒಳಗೆ ಹೋದಳು. ಮರುದಿನವೂ ಹೋದಳು. ಸ್ಟಾರ್ಟರ್ ನನಗೂ ಗೇಟಿನ ಹತ್ತಿರ ನಿಲ್ಲಲು ಚೀಟಿ ಕೊಟ್ಟ.

ದೊಡ್ಡ ಪಂದ್ಯದ ದಿನ ಬೇರೆಯೇ ಆಯಿತು. ಅಷ್ಟು ಜನ, ಇಸ್ತ್ರಿ ಹಾಕಿದ ಅಧಿಕಾರಿಗಳು, ಬಣ್ಣಬಣ್ಣದ ಅಂಗಿಯ ಜಾಕಿಗಳು. ಉಳಿದ ಕುದುರೆಗಳೆಲ್ಲ ಒಳಗೆ ಹೋದವು. ಬಜಾರಿ ಗೇಟಿನ ಬಾಯಲ್ಲಿ ನಾಲ್ಕೂ ಕಾಲು ನೆಟ್ಟು ನಿಂತಳು. ನನ್ನ ನಾಲಿಗೆಗೆ ಎಲ್ಲಿಲ್ಲದ ಮರ್ಯಾದೆ ಬಂದುಬಿಟ್ಟಿತ್ತು.

"ಒಳಗೆ ಹೋಗಮ್ಮ, ತಡ ಆಗ್ತಿದೆ" ಎಂದೆ, ನೆಂಟರ ಮನೆಯಲ್ಲಿ ಮಾತಾಡುವ ಹಾಗೆ.

ಅವಳು ಕದಲಲಿಲ್ಲ. ಸ್ಟಾರ್ಟರ್ ಗಡಿಯಾರ ನೋಡಿ ತಲೆ ಅಲ್ಲಾಡಿಸಿದ. ಅವಳ ಲಗಾಮು ಹಿಡಿದಿದ್ದ ನನ್ನ ಮೈದುನ ನನ್ನತ್ತ ತಿರುಗಿದ. ಕಣ್ಣು ತುಂಬಿತ್ತು. ಬಲಗೈ ಲಗಾಮಿನಲ್ಲಿ, ಎಡಗೈಯಿಂದ ತನ್ನ ಸೊಂಟವನ್ನು ಮೆಲ್ಲಗೆ ತಟ್ಟಿಕೊಂಡ, ಅಲ್ಲಿ ಟಿಕೆಟ್ ಚೀಲವಿದೆಯೋ ಎಂಬಂತೆ.

ನನಗೆ ನನ್ನ ಮೇಲೇ ಸಿಟ್ಟು ಬಂತು. ಇಂಥ ಎಷ್ಟು ಜನ ಇಸ್ತ್ರಿಯವರನ್ನು ನಾನು ಫುಟ್‌ಬೋರ್ಡಿನಿಂದ ಒಳಗೆ ತಳ್ಳಿಲ್ಲ.

"ಏನ್ರೀ ಅದು, ಬಾಗಿಲಲ್ಲೇ ಬೇರು ಬಿಟ್ರಾ? ಒಳಗೆ ನಡೀರಿ, ನಡೀರಿ, ಮುಂದೆ ಖಾಲಿ ಇದೆ, ನಿಮ್ಮೊಬ್ಬರಿಗೋಸ್ಕರ ಬಸ್ಸು ನಿಲ್ಲಲ್ಲ!"

ಸ್ಟಾರ್ಟರ್ ಎರಡು ಹೆಜ್ಜೆ ಹಿಂದೆ ಸರಿದ. ಬಜಾರಿ ಒಳಗೆ ಹೋದಳು. ಹಿಂದಿನ ಬಾಗಿಲು ಬಿತ್ತು, ಮುಂದಿನ ಬಾಗಿಲುಗಳೆಲ್ಲ ಒಟ್ಟಿಗೆ ಫಳಾರೆಂದು ತೆರೆದವು, ನಾನು ಅಭ್ಯಾಸಬಲದಿಂದ "ರೈಟ್" ಎಂದು ಕೂಗಿದೆ.

ಗೇಟಿನ ಹತ್ತಿರ ನಿಂತವರಿಗೆ ಓಟ ಕಾಣುವುದು ತಿರುವಿನ ತನಕ ಮಾತ್ರ. ಆಮೇಲೆ ಧ್ವನಿವರ್ಧಕವೇ ಗತಿ. ಮಣ್ಣು ಹಾರಿಸುತ್ತ ಹಿಂಗಾಲುಗಳೆಲ್ಲ ತಿರುವಿನಲ್ಲಿ ಮರೆಯಾದವು. ನಾನು ಇನ್ನೂ ಕೂಗುತ್ತಲೇ ಇದ್ದೆ, ರೈಟ್ ರೈಟ್, ಹೋಗ್ಲಿ ಹೋಗ್ಲಿ, ಬಿಡಬೇಡ್ರೀ ಎಂದೇನೇನೋ. ಯಾರೋ ನನ್ನ ತೋಳು ಹಿಡಿದು ಅಲುಗಿಸಿದರು.

"ಅತ್ತಿಗೆ, ಬಾಯಿ ಮುಚ್ಚಿ. ಕೇಳಿಸ್ತಿಲ್ಲ."

ಗರಗಸದಲ್ಲಿ ಒಣ ಮರ ಕುಯ್ದಂಥ ದನಿ. ಆದರೂ ದನಿಯೇ. ಅವನಿಗೆ ತಾನು ಮಾತಾಡಿದ್ದು ಗೊತ್ತೇ ಆಗಿರಲಿಲ್ಲ; ಮೈಯೆಲ್ಲ ಕಿವಿಯಾಗಿ ಧ್ವನಿವರ್ಧಕದತ್ತ ನೋಡುತ್ತಿದ್ದ. ನಾನು ಬಾಯಿ ಮುಚ್ಚಿದೆ. ಬಜಾರಿಯ ಆ ದೊಡ್ಡ ಹೆಸರು ಮೈದಾನದ ತುಂಬ ಕೇಳಿಸಿತು, ಎರಡನೆಯವಳಿಗಿಂತ ನಾಲ್ಕು ಕುದುರೆಯ ಉದ್ದದಷ್ಟು ಮುಂದೆ ಎಂದು. ಅವನು ನನ್ನನ್ನು ಎತ್ತಿ ಗಿರಗಿರ ತಿರುಗಿಸಿದ.

ಗೆಲುವಿನ ಫೋಟೋ ನಮ್ಮ ಮನೆಯ ಗೋಡೆಯಲ್ಲಿದೆ. ಎಲ್ಲರೂ ನಗುತ್ತಿದ್ದಾರೆ, ಬಜಾರಿಯೂ ಹಲ್ಲು ಬಿಟ್ಟಿದ್ದಾಳೆ, ನಾನೊಬ್ಬಳು ಅಳುತ್ತಿದ್ದೇನೆ. ಕುದುರೆ ಗೆದ್ದದ್ದಕ್ಕೆ ಅಷ್ಟೊಂದು ಅತ್ತಿರಾ ಎಂದು ಬಂದವರು ಕೇಳುತ್ತಾರೆ. ಹೌದು ಎನ್ನುತ್ತೇನೆ. ಅಷ್ಟರಲ್ಲಿ ಒಳಗಿನಿಂದ ನನ್ನ ಮೈದುನ ಗೊರಗೊರ ದನಿಯಲ್ಲಿ ಇಡೀ ಕಥೆಯನ್ನು ಮೊದಲಿನಿಂದ ಶುರು ಮಾಡುತ್ತಾನೆ. ಬಾಯಿ ಮುಚ್ಚೋ ಎಂದು ಈಗಲೂ ಹೇಳುತ್ತೇನೆ. ಅವನು ಮುಚ್ಚುವುದಿಲ್ಲ.