ಮೆಟ್ಟಿಲ ಕೆಳಗಿನ ಸರ್ವರ್

ಪುಣೆಯ ಖಡಕಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಮಾಲೀಕರು ಧಾರವಾಡ ಕಡೆಯ ವಯಸ್ಸಾದ ದಂಪತಿ. ಅವರನ್ನು ಕಾಕಾ, ಕಾಕು ಎನ್ನುತ್ತೇನೆ. ಅವರಿಗೆ ನಾನು ‘ತಮ್ಮ’. ಸಿಟ್ಟು ಬಂದಾಗ ‘ಹಾಸನದಾಂವ’. ಕಾಕಾ ಇಲ್ಲಿನ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಂತೇ ನಿವೃತ್ತರಾದವರು. ಅವರು ಬಶಿಯಲ್ಲಿ ಚಹಾ ಊದಿ ಹೀರುವ ಸದ್ದನ್ನು ಆಫೀಸಿನಲ್ಲಿ ಮಾಡಿ ತೋರಿಸಿ ನಾನು ಸಾಕಷ್ಟು ಚಪ್ಪಾಳೆ ಗಿಟ್ಟಿಸಿದ್ದೇನೆ. ಯಾರ ಧ್ವನಿ ಸಿಕ್ಕರೂ ಅಣಕಿಸುವ ಚಾಳಿ ನನ್ನದು. ಅಮ್ಮ ಫೋನ್ ಮಾಡಿದರೆ ಮೊದಲು, “ಇದು ನೀನೇನಾ, ಇಲ್ಲ ಯಾರನ್ನೋ ಮಾಡ್ತಿದೀಯಾ?” ಎಂದು ಕೇಳಿ ಖಾತ್ರಿ ಮಾಡಿಕೊಳ್ಳುತ್ತಾಳೆ.

ಇನ್ನೊಂದು ಚಾಳಿ ಸರ್ವರ್‌ನದು. ಆಫೀಸಿನವರು ಹೊರಹಾಕಿದ ಹಳೆಯ ಕಂಪ್ಯೂಟರೊಂದನ್ನು ತಂದು, ಎರಡು ಡಿಸ್ಕ್ ಸೇರಿಸಿ, ಮೆಟ್ಟಿಲ ಕೆಳಗೆ ಕಾಕಾರ ಚಪ್ಪಲಿಗಳ ಪಕ್ಕ ಪ್ರತಿಷ್ಠಾಪಿಸಿದ್ದೆ. ನನ್ನ ಫೋಟೋ, ನನ್ನ ಕಡತ, ನನ್ನದೇ ಯಂತ್ರದಲ್ಲಿ. ದೊಡ್ಡ ಕಂಪನಿಗಳು ನಮ್ಮ ನೆನಪುಗಳನ್ನೆಲ್ಲ ಮೊದಲು ಪುಕ್ಕಟೆ ಇಟ್ಟುಕೊಂಡು ಆಮೇಲೆ ಜಾಗಕ್ಕೆ ಬಾಡಿಗೆ ಕೇಳುತ್ತವೆ ಎಂದು, ಕೇಳಿದವರಿಗೂ ಕೇಳದವರಿಗೂ ಹರಿಕಥೆ ದಾಸರ ಧಾಟಿಯಲ್ಲಿ ಪ್ರವಚನ ಕೊಡುತ್ತಿದ್ದೆ.

ಕೇಳಿದವರಲ್ಲಿ ಕಾಕು ಒಬ್ಬರು. ಕಾಕು ಕಸೂತಿ ಬಲ್ಲವರು. ಗೋಪುರ, ಆನೆ, ತುಳಸಿಕಟ್ಟೆ ಎಲ್ಲವನ್ನೂ ಬಟ್ಟೆಯ ಎಳೆ ಎಣಿಸಿಯೇ ಹೆಣೆಯುವ ಕೆಲಸ ಅದು. ಬಟ್ಟೆಯ ಮೇಲೆ ಮೊದಲೇ ಬರೆದುಕೊಳ್ಳುವಂತಿಲ್ಲ, ದಾರಕ್ಕೆ ಗಂಟು ಹಾಕುವಂತಿಲ್ಲ. ಪುಣೆಯ ಕನ್ನಡದವರ ಮನೆಮನೆಗೆ ಹೋಗಿ, ಪೆಟ್ಟಿಗೆಯಲ್ಲಿ ಮಡಿಚಿಟ್ಟ ಹಳೆಯ ಇಳಕಲ್ ಸೀರೆಗಳನ್ನು ಬಿಚ್ಚಿಸಿ ವರ್ಷಗಟ್ಟಲೆ ಫೋಟೋ ತೆಗೆದಿದ್ದರು. ಅವುಗಳಲ್ಲಿ ಎಷ್ಟೋ ಸೀರೆಗಳು ಈಗ ಇಲ್ಲ, ಹರಿದು ಕೌದಿಯಾಗಿವೆ. ಆ ಫೋಟೋಗಳಿಂದ ಮಾದರಿಗಳನ್ನು ಬಿಡಿಸಿ ಹುಡುಗಿಯರಿಗೆ ಕಲಿಸಬೇಕೆಂಬುದು ಅವರ ಆಸೆ.

ಒಂದು ದಿನ ಅವರ ಫೋನು, ಜಾಗ ತುಂಬಿದೆ, ದುಡ್ಡು ಕಟ್ಟಿ ಎಂದಿತು. ಆ ಸೂಚನೆಯನ್ನು ನಾನು ವಿಮಾನದ ಪರಿಚಾರಿಕೆಯ ದನಿಯಲ್ಲಿ ಓದಿ ಅವರನ್ನು ನಗಿಸಿದೆ. ಅವರು ನಗುತ್ತಿದ್ದಾಗಲೇ ನನ್ನ ಪ್ರವಚನ ಶುರುಮಾಡಿದೆ.

“ಕಾಕು, ಅದು ಬಾಡಿಗೆ ಮನೆ ಇದ್ದಂಗೆ. ಇವತ್ತು ಜಾಗ ಇಲ್ಲ ಅಂತಾರೆ, ನಾಳೆ ಬೀಗ ಹಾಕ್ತಾರೆ. ನಮ್ಮ ಡಬ್ಬಿಗೇ ಹಾಕ್ಬಿಡೋಣ.”

“ನೀನೂ ಬಾಡಿಗಿ ಮನ್ಯಾಗ ಇದ್ದೀ ಅಲ್ಲೋ. ನಾವೇನು ನಿನಗ ಕೀಲಿ ಹಾಕೀವೇನು?”

ಆದರೂ ಒಪ್ಪಿದರು. ಎಲ್ಲವೂ ನನ್ನ ಡಬ್ಬಿಗೆ ಬಂದ ಮೇಲೆ ಫೋನಿನಿಂದಲೂ ಕಂಪನಿಯ ಕಡೆಯಿಂದಲೂ ಅಳಿಸುವ ಗುಂಡಿಯನ್ನು ಒತ್ತಿದವನು ನಾನೇ. ಕಾಕುವಿನ ಬೆರಳು ಹಿಂದೆಗೆದಿತ್ತು.

ಕೆಲವು ತಿಂಗಳು ಕಳೆದು ಒಂದು ರವಿವಾರ ಬೆಳಿಗ್ಗೆ ಕಾಕಾ ಕೆಳಗಿನಿಂದ ಕರೆದರು. “ತಮ್ಮಾ, ನಿನ್ನ ಡಬ್ಬಿ ನರಳ್ಲಿಕತ್ತದ ನೋಡು.”

ನಾನು ಇಳಿದು ಬಂದು ಕಿವಿಗೊಟ್ಟೆ. ಎಂದಿನ ಗುಂಯ್. “ಇಲ್ಲ ಕಾಕಾ, ಅದು ಹಂಗೇ. ನಿಮ್ಮ ಥರ ಸ್ವಲ್ಪ ಗೊಣಗುತ್ತೆ.”

ಕಾಕಾ ಒಳಗೆ ಹೋಗಿ ಉದ್ದನೆಯ ಸ್ಕ್ರೂಡ್ರೈವರ್ ತಂದರು, ಅದರ ತುದಿಯನ್ನು ಒಂದು ಡಿಸ್ಕಿಗೆ ಮುಟ್ಟಿಸಿ, ಹಿಡಿಕೆಯನ್ನು ಕಿವಿಯ ಎಲುಬಿಗೆ ಒತ್ತಿ ಕಣ್ಣು ಮುಚ್ಚಿದರು. ಆಮೇಲೆ ಇನ್ನೊಂದಕ್ಕೆ.

“ಎರಡು ಅವ ಅಂದಿದ್ದ್ಯಲ್ಲಾ?”

“ಹೌದು, ಒಂದು ಹೋದ್ರೆ ಇನ್ನೊಂದು ಇರಲಿ ಅಂತ. ಎರಡರಲ್ಲೂ ಅದೇ ಇದೆ.”

“ತಿರಗೂದು ಒಂದ. ಇದು ತಣ್ಣಗದ, ಯಾವಾಗೋ ಹೋಗ್ಯದ. ಉಳದದ್ದರದು ಬೇರಿಂಗ್ ಸವದದ. ಭಾಳ ಹೊತ್ತು ಬರೂದಿಲ್ಲ.”

ನಾನು ಲ್ಯಾಪ್‌ಟಾಪ್ ತೆರೆದು ನೋಡಿದೆ. ಮೊದಲನೆಯ ಡಿಸ್ಕ್ ಸತ್ತು ಎರಡು ತಿಂಗಳಾಗಿತ್ತು. ಸರ್ವರ್ ಪ್ರತಿದಿನ ಬೆಳಿಗ್ಗೆ ನನಗೆ ಮಿಂಚಂಚೆ ಬರೆದು ಎಚ್ಚರಿಸಿತ್ತು. ಕಿರಿಕಿರಿ ಎಂದು ಆ ಪತ್ರಗಳೆಲ್ಲ ಕಣ್ಣಿಗೆ ಬೀಳದ ಮೂಲೆಗೆ ಹೋಗುವಂತೆ ನಾನೇ ಏರ್ಪಾಡು ಮಾಡಿಟ್ಟಿದ್ದೆ. ಬೇರೆ ಕಡೆ ನಕಲು ಇಡಿ ಎಂದು ಊರಿಗೆಲ್ಲ ಹೇಳಿದವನು, ಕಾಕುವಿನ ಫೋಟೋಗಳ ನಕಲನ್ನು ಎಲ್ಲೂ ಇಟ್ಟಿರಲಿಲ್ಲ.

ಗಾಬರಿಯಲ್ಲಿ ಸ್ವಿಚ್ಚಿಗೆ ಕೈ ಚಾಚಿದೆ. ಕಾಕಾ ಮಣಿಕಟ್ಟು ಹಿಡಿದರು. “ಆರಿಸಿದ್ಯೋ, ಮುಗೀತು. ತಿರಗೂ ತನಕಾ ತಿರಗ್ತದ. ನಿಂತ್ರ ಮತ್ತ ಏಳೂದಿಲ್ಲ.”

ಕಾಕುವಿಗೆ ಹೇಳಲೇಬೇಕಾಯಿತು. ಹೇಳುವಾಗ ಯಾರ ದನಿಯೂ ನನ್ನ ನೆರವಿಗೆ ಬರಲಿಲ್ಲ, ನನ್ನದೇ ದನಿಯಲ್ಲಿ ಹೇಳಿದೆ. ಅವರು ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತರು.

“ಯಾವುದನ್ನ ಮೊದಲು ಎತ್ಕೊಳ್ಳಲಿ, ಕಾಕು?”

“ಇಂದಾಪುರದ ಅಜ್ಜೀದು. ಆ ಸೀರಿ ಉಟಗೊಂಡ ಮಣ್ಣಿಗೆ ಹೋದಳಾಕಿ.”

ಹೀಗೆ ನನ್ನ ಲ್ಯಾಪ್‌ಟಾಪ್‌ಗೆ ನಕಲು ಶುರುವಾಯಿತು. ಕಾಕಾ ಸೈಕಲ್ ಟ್ಯೂಬಿನ ತುಂಡೊಂದನ್ನು ಡಿಸ್ಕಿನ ಕೆಳಗೆ ಒಂದು ಬದಿಗೆ ಸೇರಿಸಿ, ಸದ್ದು ಕಡಿಮೆಯಾಗುವಷ್ಟೇ ಓರೆ ಮಾಡಿದರು. ಎದುರಿಗೆ ಟೇಬಲ್ ಫ್ಯಾನ್ ಇಟ್ಟರು. ಸ್ಕ್ರೂಡ್ರೈವರ್ ಕಿವಿಯಿಂದ ತೆಗೆಯಲೇ ಇಲ್ಲ. “ಈಗ ತಗೋ,” ಎಂದರೆ ನಾನು ನಕಲು ನಡೆಸುತ್ತಿದ್ದೆ. “ತಡಿ, ತಡಿ,” ಎಂದರೆ ನಿಲ್ಲಿಸುತ್ತಿದ್ದೆ. ಅವರು ತಡಿ ಎಂದ ಮೇಲೆ ನನ್ನ ಪರದೆಯಲ್ಲಿ ವೇಗ ಕುಸಿಯುತ್ತಿತ್ತು. ಯಂತ್ರ ತನ್ನ ನೋವನ್ನು ಕಂಪ್ಯೂಟರಿಗಿಂತ ಮೊದಲು ಕಾಕಾರಿಗೆ ಹೇಳುತ್ತಿತ್ತು.

ನಡುವೆ ಒಮ್ಮೆ ನನಗೂ ಹಿಡಿಕೆ ಕೊಟ್ಟರು. ಕುಕ್ಕರ್ ಕೂಗುವ ಮುಂಚಿನ ಗುಂಯ್ ಬಿಟ್ಟು ಏನೂ ಕೇಳಲಿಲ್ಲ.

“ಅದರ ಒಳಗ ಇನ್ನೊಂದು ಸಣ್ಣ ದನಿ ಅದ. ಉಸುಕು ಜಾರಿದಂಗ.”

ಉಸಿರು ಹಿಡಿದು ಕಾದೆ. ಕೇಳಿತು. ತೀರಾ ಸಣ್ಣದು, ಬಲು ದೂರದ್ದು. ಜನರ ಕೆಮ್ಮು, ತೊದಲು, ಗತ್ತು ಎಲ್ಲವನ್ನೂ ಹಿಡಿದವನೆಂದು ಬೀಗುತ್ತಿದ್ದ ನನ್ನ ಕಿವಿಗೆ, ತಿಂಗಳುಗಳಿಂದ ದಿನಾ ಅದರ ಪಕ್ಕದಲ್ಲೇ ಚಪ್ಪಲಿ ಬಿಟ್ಟರೂ, ಅದು ಬಿದ್ದಿರಲಿಲ್ಲ. ಕಾಕಾರಿಗೆ ಅದು ಒಳಗೆ ಕೂತು ಪೇಪರ್ ಓದುವಾಗ ಕೇಳಿತ್ತು.

ದೊಡ್ಡ ಕಂಪನಿಗಳ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಒಂದನ್ನು ಒಪ್ಪಬೇಕು: ಅವರ ಕಟ್ಟಡಗಳಲ್ಲಿ ಡಿಸ್ಕುಗಳು ದಿನವೂ ಸಾಯುತ್ತವೆ, ಯಾರೂ ಕಿವಿಗೊಡುವುದಿಲ್ಲ, ಕಿತ್ತು ಇನ್ನೊಂದು ತುರುಕುತ್ತಾರೆ, ಮತ್ತು ಯಾರ ಅಜ್ಜಿಯ ಫೋಟೋವೂ ಕಳೆಯುವುದಿಲ್ಲ. ಅದೂ ಒಂದು ವಿಸ್ಮಯವೇ. ಸ್ವಂತ ಯಂತ್ರ ಇಟ್ಟುಕೊಂಡವನು ಅಷ್ಟು ನಕಲನ್ನಾದರೂ ಇಡಬೇಕು, ಇಲ್ಲವೇ ಇಂಥ ಕಿವಿಯನ್ನಾದರೂ ಇಟ್ಟುಕೊಂಡಿರಬೇಕು. ನನ್ನ ಹತ್ತಿರ ಎರಡೂ ಇರಲಿಲ್ಲ. ಕಿವಿ ಎರವಲು ಸಿಕ್ಕಿತು.

ಮಧ್ಯಾಹ್ನದ ಹೊತ್ತಿಗೆ ಕ್ಯಾಂಪ್ ಪೇಟೆಯ ವ್ಯಾಪಾರಿಗಳ ಮನೆಯ ಸೀರೆಗಳು ಬಂದವು, ಉಳಿದ ಮನೆಗಳದ್ದೂ ಬಂದವು. ಒಂದೇ ಒಂದು ಸೀರೆ ಬಾಕಿ, ಏಳು ಫೋಟೋಗಳದ್ದು.

“ಇದು ಯಾರದು, ಕಾಕು?”

“ನಮ್ಮವ್ವಂದು.”

“ಮೊದಲೇ ಹೇಳಬಾರದಿತ್ತಾ?”

“ಮಂದಿ ವಿಶ್ವಾಸ ಇಟ್ಟು ಪೆಟಗಿ ತಗದಿದ್ರು. ಅವರದು ಮೊದಲ ಆಗಬೇಕು.”

ಕಾಕಾ “ತಗೋ” ಎಂದರು. ನಾಲ್ಕು ಫೋಟೋ ಬಂದವು, ಐದನೆಯದು ಬರುತ್ತಿತ್ತು. ಕಾಕಾ ಕಣ್ಣು ತೆರೆದರು, ಸ್ಕ್ರೂಡ್ರೈವರ್ ಕೆಳಗಿಟ್ಟರು. “ಹೋತು,” ಎಂದರು ಮೆಲ್ಲಗೆ, ಕಾಕುವಿನ ಕಡೆ ನೋಡದೆ.

ಆರು, ಏಳು ಎಂದೂ ಬರಲಿಲ್ಲ. ಐದನೆಯದನ್ನು ತೆರೆದು, ಅಡ್ಡ ಮಲಗಿದ್ದ ಚಿತ್ರವನ್ನು ತಿರುಗಿಸಿ ನಿಲ್ಲಿಸಿದೆ. ಎಡಕ್ಕೆ ಅರ್ಧ ಗೋಪುರ, ಕಳಸದಿಂದ ತಳದವರೆಗೆ ಕೆಂಪು ಹಳದಿ ದಾರದಲ್ಲಿ ಸ್ಪಷ್ಟ. ಬಲಕ್ಕೆ ಬರೀ ಬೂದು ಬಣ್ಣ. ನನಗೆ ತಲೆ ಎತ್ತಲು ಆಗಲಿಲ್ಲ.

ಕಾಕು ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ನಡುವಿನ ಸಾಲಿನ ಮೇಲೆ ಉಗುರಿಟ್ಟು ಮೇಲಿಂದ ಕೆಳಗೆ ಎಳೆದರು.

“ನಡುವಿನ ಸಾಲು ಬಂದದ. ಸಾಕು. ಗೋಪುರ ಈ ಕಡೆ ಎಷ್ಟೋ ಆ ಕಡೆನೂ ಅಷ್ಟ ಇರ್ತದ.”

ಒಳಗಿನಿಂದ ಬಿಳಿ ಬಟ್ಟೆ, ಸೂಜಿ, ದಾರ ತಂದರು. “ಆ ಎರಡು ಹೋದ್ವು, ಹೋದ್ವು. ಇದನ್ನಾದ್ರೂ ಇವತ್ತ ಹಾಕಿಬಿಡ್ತೀನಿ. ಹಾಸನದಾಂವಾ, ನೀ ಪರದೆ ನೋಡಿ ಎಣಿಸು. ಅಣಕಸಬ್ಯಾಡ, ಎಣಿಸು.”

ನಾನು ಎಣಿಸಿದೆ. ಮೂರನೆಯ ಸಾಲಿನಲ್ಲೇ ತಪ್ಪಿದೆ. ಕಾಕು ಒಂದೊಂದೇ ಹೊಲಿಗೆ ಬಿಚ್ಚಿ, ಮತ್ತೆ ಮೊದಲಿನಿಂದ ಎಣಿಸಲು ಹೇಳಿದರು.