ಅವ್ವ ಬಿಟ್ಟ ರೊಟ್ಟಿ

ನನ್ನ ಎಡಗಾಲು ಮುರಿದದ್ದು ಜೋಳದ ಹಿಟ್ಟಿನ ಸಲುವಾಗಿ. ಕೇಳಿದವರು ನಗುತ್ತಾರೆ, ನಗಲಿ. ಡೊಂಬಿವಲಿಯಲ್ಲಿ ಗಿರಣಿಗಳಿಗೇನು ಬರವಿಲ್ಲ, ನಮ್ಮ ಓಣಿಯಲ್ಲೇ ಎರಡಿವೆ. ಆದರೆ ಗೋಧಿ ಬೀಸಿದ ಕಲ್ಲಿನಲ್ಲೇ ಜೋಳವನ್ನೂ ಬೀಸುತ್ತಾರೆಂದು ಅವ್ವನಿಗೆ ಅವು ಸೇರುತ್ತಿರಲಿಲ್ಲ. ಜೋಳಕ್ಕೇ ಬೇರೆ ಕಲ್ಲು ಇಟ್ಟ ಗಿರಣಿ ಪಕ್ಕದೂರು ಕಲ್ಯಾಣದಲ್ಲಿತ್ತು. ವಾರವೆಲ್ಲ ಮಹಾಪೆಯ ಆಫೀಸಿನಲ್ಲಿ ಕೂತು ಹೊಟ್ಟೆ ಬೆಳೆಸಿದ್ದ ನಾನು, ವ್ಯಾಯಾಮವೂ ಆಯಿತೆಂದು, ರವಿವಾರ ಬೆಳಿಗ್ಗೆ ಸೈಕಲ್ ಮೇಲೆ ಅಲ್ಲಿಗೆ ಹೋಗಿಬರುತ್ತಿದ್ದೆ.

ಆ ರವಿವಾರ ಪತ್ರಿಪುಲ್ ಸೇತುವೆ ಇಳಿಯುವಾಗ ಕ್ಯಾರಿಯರ್ ಮೇಲಿನ ಚೀಲ ಜಾರಿದಂತಾಯಿತು. ಒಂದು ಕೈ ಹಿಂದೆ ಚಾಚಿ ಮುಟ್ಟಿ ನೋಡಿದೆ. ಹಿಟ್ಟು ಇನ್ನೂ ಬಿಸಿಯಿತ್ತು. ಅಷ್ಟರಲ್ಲಿ ಮುಂದಿನ ಗಾಲಿ ಕಲ್ಲು ಕಿತ್ತುಹೋಗಿದ್ದ ತಗ್ಗಿಗೆ ಇಳಿಯಿತು. ಮೊಣಕಾಲಿನ ಕೆಳಗಿನ ಎಲುಬು ಎರಡು ಕಡೆ ಮುರಿದಿತ್ತು. ನನ್ನನ್ನು ಆಸ್ಪತ್ರೆಗೆ ಮುಟ್ಟಿಸಿದ ರಿಕ್ಷಾದವನು, ಪುಣ್ಯಾತ್ಮ, ಅರ್ಧ ಚೆಲ್ಲಿದ್ದ ಚೀಲಕ್ಕೂ ಗಂಟು ಹಾಕಿ ತಂದು ಹೆಂಡತಿಯ ಕೈಗೆ ಕೊಟ್ಟಿದ್ದ.

ಎಲುಬಿನೊಳಗೆ ರಾಡ್ ಹಾಕಿದರು. ಮೂರು ತಿಂಗಳು ಆ ಕಾಲಿನ ಮೇಲೆ ಭಾರ ಬಿಡಬೇಡಿ, ವಾಕರ್ ಬಿಡಬೇಡಿ ಎಂದರು ಡಾಕ್ಟರು. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ನೆರೆಯವರು ನಾಲ್ಕು ಜನ ನನ್ನನ್ನು ಕುರ್ಚಿ ಸಮೇತ ಎರಡನೇ ಮಹಡಿಗೆ ಹೊತ್ತು ತಂದು, ಹೊರಗಿನ ಕೋಣೆಯ ಮಂಚದ ಮೇಲೆ ಇಳಿಸಿದರು.

ಅವ್ವ ಬರೀ ಗಂಜಿ ಕುಡಿಯುತ್ತಿದ್ದಾಳೆಂದು ನನ್ನ ಗಮನಕ್ಕೆ ಬಂದದ್ದು ಮೂರನೇ ದಿನ.

"ಏನವ್ವಾ, ನೀನೂ ಡಯಟ್ ಸುರು ಮಾಡಿದೇನು?" ಎಂದು ಚೇಷ್ಟೆ ಮಾಡಿದೆ.

"ನನ್ನ ಹಿಟ್ಟಿನ ಸಲುವಾಗಿ ಹೋಗಿ ಬಿದ್ದಿ. ನೀ ನಿನ್ನ ಕಾಲ ಮ್ಯಾಲ ಅಡಗಿಮನಿತನಕ ನಡದು ಬಂದು ರೊಟ್ಟಿ ಕೇಳೂತನಕ ನಾ ರೊಟ್ಟಿ ಮುಟ್ಟೂದಿಲ್ಲ. ದೇವರ ಮುಂದ ಹೇಳೀನಿ," ಎಂದಳು.

ನಮ್ಮ ಕಡೆ ಹೆಂಗಸರು ಹೀಗೆ ನೇಮ ಹಿಡಿಯುತ್ತಾರೆ. ಮಕ್ಕಳಿಗೆ ಜಡ್ಡಾದರೆ ಒಬ್ಬಳು ಬೆಲ್ಲ ಬಿಡುತ್ತಾಳೆ, ಇನ್ನೊಬ್ಬಳು ಚಹಾ ಬಿಡುತ್ತಾಳೆ. ಅವ್ವ ಬಿಟ್ಟದ್ದು ಊಟವನ್ನೇ. ರೊಟ್ಟಿ ಇಲ್ಲದ್ದು ಅವಳ ಲೆಕ್ಕದಲ್ಲಿ ಊಟವೇ ಅಲ್ಲ. ಹಾಗೆಂದು ನಮಗೆ ತಪ್ಪಿಸಲಿಲ್ಲ. ಬೆಳಿಗ್ಗೆ ಅವಳು ರೊಟ್ಟಿ ಬಡಿಯುವ ಸಪ್ಪಳ ನನಗೆ ಮಂಚದ ಮೇಲೆ ಕೇಳುತ್ತಿತ್ತು. ರಿಕ್ಷಾದವನು ಉಳಿಸಿದ ಹಿಟ್ಟನ್ನು ಮೂರು ಸಲ ಜರಡಿ ಹಿಡಿದು, ಸ್ಟೀಲ್ ಡಬ್ಬಿಗೆ ತುಂಬಿ, ದೇವರ ಮಾಡದ ಕೆಳಗೆ ಇಟ್ಟಿದ್ದಳು. ನಾನು ನಡೆದ ದಿನ ಮೊದಲ ರೊಟ್ಟಿ ಅದರದ್ದೇ ಆಗಬೇಕಂತೆ.

ನಾನು ಸಿಟ್ಟಾದೆ, ಕೂಗಾಡಿದೆ. ಹೆಂಡತಿ ಅವ್ವನ ಕಾಲು ಹಿಡಿದಳು. ಇಲ್ಲೇ ಹುಟ್ಟಿದ ನನ್ನ ಮಗಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ. "ಅಜ್ಜೀ, ಭಗವಾನ್ ಕೋ ಕ್ಯಾ ಪತಾ ಚಲೇಗಾ? ಏಕ್ ಖಾ ಲೋ ನಾ," ಎಂದು, ದೇವರಿಗೆ ತಿಳಿಯದಂತೆ ಒಂದು ರೊಟ್ಟಿ ತಿನ್ನಲು ಗೋಗರೆದಳು.

"ನನಗ ಗೊತ್ತಾಗತೈತಲ್ಲ ಮಗಾ," ಎಂದಳು ಅವ್ವ.

ತಿಂಗಳಾಗುವಷ್ಟರಲ್ಲಿ ಅವಳ ಕುಪ್ಪಸದ ತೋಳು ಜೋತುಬಿದ್ದವು. ಆ ವಯಸ್ಸಿನಲ್ಲಿ ಗಂಜಿ ಎಷ್ಟು ದಿನ ಆಧಾರ ಕೊಟ್ಟೀತು? ನನಗೆ ಹೆದರಿಕೆಯಾಯಿತು. ಮಂಚದಿಂದ ಅಡಿಗೆಮನೆಯ ಹೊಸ್ತಿಲಿಗೆ ಹನ್ನೊಂದು ಹೆಜ್ಜೆ. ಹನ್ನೊಂದೇ ಹೆಜ್ಜೆ ನಡೆದುಬಿಟ್ಟರೆ ಅವಳು ಇವತ್ತೇ ಉಣ್ಣುತ್ತಾಳೆ ಎನ್ನುವುದು ತಲೆ ಹೊಕ್ಕಿತು. ಆರನೇ ವಾರ, ಹೆಂಡತಿ ಬಾಜಾರಕ್ಕೆ ಹೋದಾಗ, ವಾಕರ್ ಬದಿಗಿಟ್ಟು ಎದ್ದೆ. ನಾಲ್ಕು ಹೆಜ್ಜೆ ಹಲ್ಲು ಕಚ್ಚಿ ಹಾಕಿದೆ. ಐದನೆಯದಕ್ಕೆ ಕಾಲಿನೊಳಗೆ ಏನೋ ಕಟ್ಟೆಂದಿತು. ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

ರಾಡ್ ಬಾಗಿತ್ತು, ಸ್ಕ್ರೂ ಮುರಿದಿತ್ತು. ಮತ್ತೆ ಆಪರೇಶನ್, ಮತ್ತೆ ಮೊದಲಿನಿಂದ ಮೂರು ತಿಂಗಳು. "ಕಾಕಾ, ಏವ್ಡೀ ಘಾಯೀ ಕಶಾಲಾ?" ಎಂದು ಡಾಕ್ಟರು ಮರಾಠಿಯಲ್ಲಿ ಗದರಿದರು. ಅಷ್ಟು ಅವಸರ ಯಾಕಿತ್ತೆಂದು ಅವರಿಗೆ ಹೇಗೆ ಹೇಳುವುದು?

ಮನೆಗೆ ಬಂದ ಮೇಲೆ ಅವ್ವನಿಗೆ ಕೈಮುಗಿದೆ. "ಸಾಕವ್ವಾ, ನೇಮ ಬಿಡು. ನೀ ಉಳಿದ್ರ ನನ್ನ ಕಾಲು."

ಅವಳು ನನ್ನ ಮುಗಿದ ಕೈ ಹಿಡಿದು ಕೆಳಗಿಳಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ತಪ್ಪು ನಂದ ಐತಿ. ನೀ ಈ ಸಲ ಬೀಳೂ ಹಿಂದಿನ ದಿನ ಮರತು ರೊಟ್ಟಿ ಅಂಚು ಮುರದು ಬಾಯಾಗ ಹಾಕ್ಕೊಂಡಿದ್ದೆ. ಅದಕ್ಕ ಹಿಂಗಾತು. ಇನ್ನ ಬಿಡಂಗಿಲ್ಲ."

ನನ್ನ ಅವಸರದ ತಪ್ಪನ್ನೂ ಅವಳೇ ಹೊತ್ತುಕೊಂಡಳು. ನಾನು ಎಷ್ಟು ಅತ್ತು ಹೇಳಿದರೂ ಒಪ್ಪಲಿಲ್ಲ.

ಆ ಆಪರೇಶನ್ ಆದ ಎರಡನೇ ತಿಂಗಳು ಅವಳಿಗೆ ಜ್ವರ ಬಂತು, ಕೆಮ್ಮು ಎದೆಗೆ ಇಳಿಯಿತು. ಠಾಣೆ ಶಹರದ ಆಸ್ಪತ್ರೆಗೆ ಹೊರಡುವ ಮೊದಲು ನನ್ನ ಮಂಚದ ಹತ್ತಿರ ನಿಂತು ಕಾಲು ಸವರಿದಳು. "ಕೂಡತೈತಿ ತಗೊ," ಎಂದಳು. ಆಮೇಲೆ ನಾನು ಅವಳನ್ನು ನೋಡಿದ್ದು ಮಗಳ ಫೋನಿನಲ್ಲಿ, ಮೂರು ದಿನ. ನಾಲ್ಕನೇ ದಿನ ಅವಳನ್ನು ಕಟ್ಟಡದ ಕೆಳಗೆ ತಂದು ಮಲಗಿಸಿದರು, ನನ್ನನ್ನು ಅದೇ ಕುರ್ಚಿಯಲ್ಲಿ ಇಳಿಸಿದರು. ಅವ್ವನಿಗೆ ನಾನು ಹೆಗಲು ಕೊಡಲಿಲ್ಲ. ನೆರೆಯವರು ಹೊತ್ತುಕೊಂಡು ಹೋದರು, ನಾನು ಕೂತೇ ಇದ್ದೆ.

ಅದಾಗಿ ತಿಂಗಳ ಮೇಲೆ ವಾಕರ್ ಬಿಡಬಹುದೆಂದರು. ಮರುದಿನ ಬೆಳಿಗ್ಗೆ ಎದ್ದೆ, ಗೋಡೆ ಹಿಡಿಯದೆ ಹನ್ನೊಂದು ಹೆಜ್ಜೆ ನಡೆದೆ. ಹೊಸ್ತಿಲ ಮೇಲೆ ನಿಂತು, "ಅವ್ವಾ, ರೊಟ್ಟಿ ಕೊಡು," ಎಂದೆ.

ಒಲೆಯ ಮುಂದಿದ್ದ ಹೆಂಡತಿ ತಿರುಗಿ ನೋಡಿ ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ತಾನೇ ಹೋಗಿ ಡಬ್ಬಿ ತಂದಳು. ಹಳೆಯ ಹಿಟ್ಟಿಗೆ ಜಿಗಿ ಇರಲಿಲ್ಲ, ಬಡಿದಲ್ಲೆಲ್ಲ ಸೀಳಿತು. "ಕಮಟು ನಾತ ಬರಾಕತ್ತೈತಿ ರೀ, ಬ್ಯಾಡ ಬಿಡ್ರಿ," ಎಂದಳು. ಬೇಯಿಸು ಎಂದೆ.

ಒಂದು ರೊಟ್ಟಿಯಾಯಿತು. ಅವ್ವನ ಫೋಟೋದ ಮುಂದೆ ಇಟ್ಟು, ಆರಿದ ಮೇಲೆ ನಾನೇ ತಿಂದೆ. ಕಹಿಯಾಗಿತ್ತು. ಅವಳು ಮೂರು ಸಲ ಜರಡಿ ಹಿಡಿದರೂ ಉಳಿದಿದ್ದ ರಸ್ತೆಯ ಹರಳೊಂದು ಹಲ್ಲಿಗೆ ಸಿಕ್ಕಿತು. ಉಗುಳಲಿಲ್ಲ.